ಸೆರಗಿನ ಮೇಲಿನ ಕೈ

"ಮೇಡಂ, ಆ ಸೆರಗಿನ ಮ್ಯಾಲಿನ ಕೈ ತಗೀರಿ ಮೊದಲು!"

ಮೈದಾನದಲ್ಲಿ ಒಮ್ಮೆಲೇ ಸದ್ದಡಗಿತು.

ರಾಯಚೂರಿನ ತರಬೇತಿ ಕೇಂದ್ರದ ಮೈದಾನ ಅದು. ಜಿಲ್ಲೆಯ ಎಲ್ಲ ತಾಲ್ಲೂಕುಗಳಿಂದ ಬಂದ ಶಿಕ್ಷಕ, ಶಿಕ್ಷಕಿಯರು ಸಾಲಾಗಿ ನಿಂತಿದ್ದರು. ಜೂನ್ ಬಂದರೂ ಬಿಸಿಲಿಗೆ ಅದರ ಪರಿವೆ ಇರಲಿಲ್ಲ. ಎಲ್ಲರ ಕಣ್ಣೂ ಈಗ ಒಬ್ಬಳ ಮೇಲೆ... ಬಲಗೈಯಲ್ಲಿ ಬಟ್ಟೆಯ ಚೆಂಡು, ಎಡಗೈಯಲ್ಲಿ ಬಿಗಿಯಾಗಿ ಹಿಡಿದ ಸೆರಗು, ಮುಖವೆಲ್ಲ ಕೆಂಪಾಗಿ ನಿಂತಿದ್ದ ವಿಶಾಖಾಳ ಮೇಲೆ!

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

'ಇಷ್ಟು ಜನರ ಮುಂದೆ... ಏನಂದ ಇವನು!'

ಅಂದವನು ತರಬೇತಿ ಕೊಡಲು ಬಂದಿದ್ದ ದೈಹಿಕ ಶಿಕ್ಷಕ ಅನಿಲಕುಮಾರ. ಮಾನ್ವಿ ತಾಲ್ಲೂಕಿನ ಪೋತ್ನಾಳದವನು. ಕೊರಳಲ್ಲಿ ಸೀಟಿ, ಕಣ್ಣಲ್ಲಿ ಒಂದು ಬಗೆಯ ದಣಿವು. ತಾನು ಏನಂದೆ ಎಂಬುದು ಅವನಿಗೆ ಅಂದ ಮೇಲೆ ಹೊಳೆಯಿತು, ಪಾಪ.

"ಏನಂದ್ರಿ ಸರ್?" ವಿಶಾಖಾ ಎರಡು ಹೆಜ್ಜೆ ಮುಂದೆ ಬಂದಳು. "ನಿಮ್ಮ ಮನ್ಯಾಗಿನ ಹೆಣ್ಮಕ್ಕಳಿಗೂ ಹಿಂಗ ಅಂತೀರೇನ್ರಿ, ಊರ ಮಂದಿ ಮುಂದ?"

"ತಪ್ಪಾತ್ರಿ ಮೇಡಂ... ನಾ ಹೇಳಾಕ ಹೋಗಿದ್ದು, ಚೆಂಡು ದೂರ ಹೋಗವಲ್ದು ಅಂತ. ಎಡಗೈ ಬಿಟ್ಟು ಮುಂದ ಚಾಚಿದ್ರ ಮೈ ತಿರಗ್ತದ, ಆಗ..."

"ಚೆಂಡು ಹೋಗದಿದ್ರೂ ನಡೀತದ್ರಿ. ಮರ್ಯಾದಿ ಹೋಗಬಾರದು!"

ಚೆಂಡನ್ನು ಅಲ್ಲೇ ನೆಲಕ್ಕೆ ಬಿಟ್ಟು, ಬೇವಿನ ಮರದ ನೆರಳಿಗೆ ಹೋಗಿ ಕುಳಿತಳು. ಪಕ್ಕದಲ್ಲಿದ್ದ ರಜಿಯಾ ಬೇಗಂ ನೀರಿನ ಬಾಟಲಿ ಕೊಟ್ಟು ಸುಮ್ಮನಾದಳು. ಇಬ್ಬರೂ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಸರ್ಕಾರಿ ಶಾಲೆಯವರು. ಗೆಳತಿಯ ಸಿಟ್ಟು ಇಳಿಯುವ ತನಕ ಮಾತನಾಡಿಸಬಾರದು ಎಂಬುದು ರಜಿಯಾಗೆ ಚೆನ್ನಾಗಿ ಗೊತ್ತಿತ್ತು.

ವಿಶಾಖಾ ಅಸಲಿಗೆ ಕನ್ನಡ ಟೀಚರ್. ಅವಳ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಯಾವ ಕಾಲವಾಯಿತೋ. ಈ ವರ್ಷ ಜಿಲ್ಲೆಯಲ್ಲಿ ಹೊಸ ಕಾರ್ಯಕ್ರಮ ಬಂತು. ಹೆಸರು ಮೂಲ ಚಲನ ಕೌಶಲ. ಹೆಸರು ದೊಡ್ಡದು, ಕೆಲಸ ಸಣ್ಣದು... ಓಡುವುದು, ಜಿಗಿಯುವುದು, ಕುಂಟುವುದು, ಎಸೆಯುವುದು, ಹಿಡಿಯುವುದು. ಕಬಡ್ಡಿ ತಂಡದ ನಾಲ್ಕಾರು ಮಕ್ಕಳಿಗಲ್ಲ, ಪ್ರತಿಯೊಂದು ಮಗುವಿಗೂ ಕಲಿಸಬೇಕು.

ಯಾರೂ ಒಪ್ಪದ ಕೆಲಸ ಶಾಲೆಯಲ್ಲಿ ಯಾರ ತಲೆಗೆ ಬರುತ್ತದೆ ಹೇಳಿ? ಮುಖ್ಯಗುರು ಪ್ರಭುರಾಜ ಸರ್ ಸೀಟಿ ತಂದು ವಿಶಾಖಾಳ ಮುಂದಿಟ್ಟಿದ್ದರು.

"ನೀವಽ ನೋಡ್ಕೋರಿ ಟೀಚರ್. ನಿಮಗ ಮನ್ಯಾಗ ಗಂಡ ಮಕ್ಕಳ ಜಂಜಾಟ ಇಲ್ಲಲ್ರಿ..."

ಆ ಮಾತು ಅವಳಿಗೆ ಹೊಸದೇನಲ್ಲ. ಅಪ್ಪ ತೀರಿಕೊಂಡಾಗ ಅವಳಿನ್ನೂ ಡಿ.ಎಡ್. ಓದುತ್ತಿದ್ದಳು. ಅವ್ವ ಬಸ್ಸಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗಿ ಅವಳನ್ನು ಓದಿಸಿದಳು. ನೌಕರಿ ಸಿಕ್ಕ ಮೇಲೆ ವಿಶಾಖಾ ತಮ್ಮಂದಿರನ್ನು ಓದಿಸಿದಳು, ತಂಗಿಯ ಮದುವೆ ಮಾಡಿದಳು. ಎಲ್ಲರೂ ತಮ್ಮ ತಮ್ಮ ಸಂಸಾರಕ್ಕೆ ಹೋದರು. ರಾಯಚೂರಿನ ಬಾಡಿಗೆ ಮನೆಯಲ್ಲಿ ಉಳಿದವರು ತಾಯಿ, ಮಗಳು, ಗೋಡೆಯ ಮೇಲಿನ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ವಯಸ್ಸು ಮೂವತ್ತನಾಲ್ಕು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಬಿಸಿಯೂಟದ ಮೊಟ್ಟೆಯ ಲೆಕ್ಕವನ್ನು ಮೊಬೈಲಿಗೆ ತುಂಬುವ ಕೆಲಸ. ಒಟ್ಟಿನಲ್ಲಿ ಹುಡುಗಿಗೆ ಸಾಕಾಗಿತ್ತು.

ಆ ಸಂಜೆ ಮನೆಗೆ ಬಂದವಳು ಅಡುಗೆಮನೆಯಲ್ಲಿ ಒಂದು ಈರುಳ್ಳಿ ತೆಗೆದುಕೊಂಡು ಬುಟ್ಟಿಗೆ ಎಸೆದಳು. ಎಡಗೈ ತಾನಾಗಿ ಭುಜಕ್ಕೆ ಹೋಯಿತು! ಸೆರಗಿಗೆ ಪಿನ್ನು ಹಾಕಿದ್ದಳು. ಅದು ಜಾರುವ ಮಾತೇ ಇರಲಿಲ್ಲ. ಆದರೂ ಕೈ ಅಲ್ಲೇ!

"ಏನ್ ಮಾಡಾಕತ್ತೀಯವ್ವಾ? ಉಳ್ಳಾಗಡ್ಡಿ ಯಾಕ ಒಗೀತಿ?" ಬಸ್ಸಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಏನಿಲ್ಲಬೇ..."

'ಅವನು ಹೇಳಿದ್ದು ಸುಳ್ಳೇನಲ್ಲ... ಆದರೆ ಹೇಳುವ ರೀತಿಯೇ ಅದು?'

ಮರುದಿನ ತರಬೇತಿ ಶುರುವಾಗುವ ಮೊದಲು ಅನಿಲಕುಮಾರ ಎಲ್ಲರ ಮುಂದೆ ಬಂದು ನಿಂತ. ಸೀಟಿ ಊದಲಿಲ್ಲ.

"ನಿನ್ನೆ ನಾ ಒಂದು ಮಾತು ಅಂದೆ. ಎಲ್ಲಾರ ಮುಂದ ಅಂದೀನಿ, ಅದಕ್ಕ ಎಲ್ಲಾರ ಮುಂದಽ ಕ್ಷಮಾ ಕೇಳ್ಕೋತೀನಿ. ತಪ್ಪಾಗ್ಯದ್ರಿ ವಿಶಾಖಾ ಮೇಡಂ. ಅದು ಗಂಡಸ್ರು ಬಾಯಿಲೆ ಹೇಳೂ ಮಾತಲ್ಲ. ನೀವು ಬೈದ ಮ್ಯಾಲೆ ತಿಳೀತು."

ವಿಶಾಖಾ ತಲೆ ತಗ್ಗಿಸಿದಳು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಗಂಡಸೂ ಅವಳ ಬಳಿ ತಪ್ಪಾಯಿತು ಅಂದಿರಲಿಲ್ಲ... ಎಲ್ಲರ ಮುಂದಂತೂ ದೂರದ ಮಾತು!

*

ತರಬೇತಿ ಕೊಟ್ಟವರನ್ನೇ ಆಯ್ದ ಶಾಲೆಗಳಿಗೆ ದಸರಾ ರಜೆಯ ತನಕ ಕಳಿಸುವುದೆಂದು ಆದೇಶವಾಯಿತು. ಗಬ್ಬೂರಿಗೆ ಯಾರು ಬಂದರು ಎಂದು ಬಿಡಿಸಿ ಹೇಳಬೇಕೇ?

ಅನಿಲಕುಮಾರ ರಾಯಚೂರಿನಲ್ಲೇ ಒಂದು ಕೋಣೆ ಹಿಡಿದ. ಹೀಗಾಗಿ ಬೆಳಗಿನ ಬಸ್ಸಿನಲ್ಲಿ ವಿಶಾಖಾ, ರಜಿಯಾ ಮತ್ತು ಹೆಗಲಿಗೆ ಬಟ್ಟೆ ಚೆಂಡುಗಳ ಚೀಲ ಹಾಕಿಕೊಂಡ ಅನಿಲ. ಮೊದಲ ದಿನಗಳಲ್ಲಿ ನಮಸ್ಕಾರ, ಅಷ್ಟೇ. ಆಮೇಲೆ ಮಳೆ, ಬಸ್ಸು, ಮಕ್ಕಳು. ಆಮೇಲೆ...

ಒಂದು ಸಂಜೆ ವಿಶಾಖಾ ಕಿಟಕಿಯ ಸರಳಿಗೆ ತಲೆ ಆನಿಸಿ ನಿದ್ದೆ ಹೋಗಿಬಿಟ್ಟಿದ್ದಳು. ಎಚ್ಚರವಾದಾಗ ಸರಳಿಗೂ ಅವಳ ತಲೆಗೂ ನಡುವೆ ಚೆಂಡಿನ ಚೀಲವಿತ್ತು. ರಜಿಯಾ ಕಣ್ಣು ಮಿಟುಕಿಸಿದಳು. ಮುಂದಿನ ಸೀಟಿನ ಬಳಿ ಅನಿಲ ಕಂಬಿ ಹಿಡಿದು ನಿಂತಿದ್ದ.

"ಚೀಲ ಯಾಕ ಇಟ್ರಿ?"

"ರೋಡು ಭಾಳ ಕೆಟ್ಟದ್ರಿ. ತಲಿಗಿ ಹತ್ತಾಕತ್ತಿತ್ತು." ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದ, "ಭಾಳ ದಣೀತೀರಲ್ರಿ ನೀವು?"

ಎಷ್ಟು ಸರಳ ಪ್ರಶ್ನೆ! ಆದರೆ ಅದನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ವಿಶಾಖಾ ಕಿಟಕಿಯ ಹೊರಗೆ ನೋಡಿದಳು.

"ಹೂಂ ರೀ. ಭಾಳ."

"ನಾನೂ ರೀ."

ಅವನ ಹೆಂಡತಿ ಕೊರೊನಾದ ಎರಡನೇ ಅಲೆಯಲ್ಲಿ ಹೋಗಿದ್ದಳು. ಮಕ್ಕಳಿರಲಿಲ್ಲ. "ಮನಿಗಿ ಹೋದ್ರ ಲೈಟ್ ನಾನಽ ಹಚ್ಚಬೇಕು ನೋಡ್ರಿ, ಅದೊಂದಽ ಬ್ಯಾಸರ," ಎಂದು ಇನ್ನೊಂದು ದಿನ ಹೇಳಿದ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ.

ಶಾಲೆಯಲ್ಲಿ ಅವನ ಪಾಠ ನೋಡುವ ಭಾಗ್ಯ ಮಾತ್ರ ವಿಶಾಖಾಗೆ ಸಿಗಲಿಲ್ಲ. "ಅನಿಲ್ ಸರ್ ಮೈದಾನ ನೋಡ್ಕೋತಾರ, ನೀವು ಆಫೀಸಿನ್ಯಾಗ ಮೊಟ್ಟಿ ಲೆಕ್ಕ ತುಂಬ್ರಿ," ಎಂದಿದ್ದರು ಪ್ರಭುರಾಜ ಸರ್. ಅವರು ಗಣಿತದವರು. ಆಟದ ಅವಧಿಯ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣು. ಮಕ್ಕಳು ಕುಂಟುತ್ತ ಜಿಗಿಯುತ್ತ ಹೊತ್ತು ಕಳೆಯುವುದು ನೋಡಿದರೆ ಅವರ ಹೊಟ್ಟೆ ಉರಿಯುತ್ತಿತ್ತು.

ಜುಲೈ ಮುಗಿಯುತ್ತ ಬಂದ ಒಂದು ಸಂಜೆ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅನಿಲ ತಡೆದು ತಡೆದು ಹೇಳಿದ, "ಮೇಡಂ... ನಾಳಿ ಸಂಜಿಕ ನಿಮಗ ಒಂದು ಮಾತು ಕೇಳೂದದ."

"ಈಗಽ ಕೇಳ್ರಿ."

"ಇಲ್ರಿ. ಇವತ್ತು ಧೈರ್ಯ ಇಲ್ಲ."

ವಿಶಾಖಾ ಮರುದಿನ ಬೆಳಿಗ್ಗೆ ತಂಗಿಯ ಮದುವೆಗೆ ಕೊಂಡಿದ್ದ ಬದನೆ ಬಣ್ಣದ ಸೀರೆ ಉಟ್ಟಳು. ಬಸ್ಸಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವತ್ತೇನು ಸಾಲ್ಯಾಗ ಫಂಕ್ಷನ್ ಅದ ಏನವ್ವಾ?"

"ಇಲ್ಲಬೇ, ಸುಮ್ಮ ಉಟ್ಟೀನಿ."

ಬಸ್ಸಮ್ಮ ನಕ್ಕಳು. ತಾಯಂದಿರಿಗೆ ಎಲ್ಲ ಬಿಡಿಸಿ ಹೇಳಬೇಕಾಗಿಲ್ಲ.

*

ಮಧ್ಯಾಹ್ನದ ಊಟ ಮುಗಿದಿತ್ತು. ವಿಶಾಖಾ ಆಫೀಸಿನಲ್ಲಿ ಮೊಬೈಲು ಒತ್ತುತ್ತ ಕುಳಿತಿದ್ದಳು. ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು. ಮೈದಾನದಿಂದ ಏಳನೇ ತರಗತಿಯ ಮಕ್ಕಳ ನಗು ಕೇಳಿಸಿತು. ಎಂಥ ನಗು! ಹೊಟ್ಟೆ ಹಿಡಿದುಕೊಂಡು ನಗುವ ನಗು. ಅವಳಿಗೂ ನಗು ಬಂತು. ಎದ್ದು ವರಾಂಡಕ್ಕೆ ಬಂದಳು.

ಬಂದವಳು ಹಾಗೇ ನಿಂತುಬಿಟ್ಟಳು.

ಅನಿಲಕುಮಾರ ಭುಜದ ಮೇಲೆ ಹುಡುಗಿಯರ ಯೂನಿಫಾರ್ಮಿನ ನೀಲಿ ವೇಲ್ ಹಾಕಿಕೊಂಡಿದ್ದ. ಎಡಗೈಯಿಂದ ಅದನ್ನು ಬಿಗಿಯಾಗಿ ಹಿಡಿದಿದ್ದ. ತಲೆ ತಗ್ಗಿಸಿ, ಮೈ ಮುದುಡಿ, ಬಲಗೈಯಿಂದ ಚೆಂಡು ಎಸೆದ. ಚೆಂಡು ಅವನ ಕಾಲ ಬಳಿಯೇ ಬಿತ್ತು. ಮಕ್ಕಳು ಕುಣಿದಾಡಿದರು. "ತಪ್ಪು ರೀ ಸರ್, ತಪ್ಪು!" ಅವನು ನಗುತ್ತ ಮತ್ತೊಮ್ಮೆ ಹಾಗೇ ಮಾಡಿದ.

'ಅದು... ಅದು ನಾನು!'

ತರಬೇತಿಯ ದಿನ, ಆ ಬಿಸಿಲು, ಆ ಕಿಸಕ್ಕನೆ ನಗು ಎಲ್ಲ ಕಣ್ಣ ಮುಂದೆ ಬಂತು. ಅಂದು ಕ್ಷಮೆ ಕೇಳಿದವನು ಇಂದು ಅವಳದೇ ಶಾಲೆಯಲ್ಲಿ, ಅವಳದೇ ಮಕ್ಕಳ ಮುಂದೆ ಅವಳನ್ನು ಆಡಿಕೊಳ್ಳುತ್ತಿದ್ದಾನೆ! ಹಾಗಾದರೆ ಬಸ್ಸಿನ ಮಾತುಗಳು? ದಣೀತೀರಲ್ರಿ ಎಂದು ಕೇಳಿದ್ದು? ಎಲ್ಲವೂ ನಾಟಕವೇ?

ಉಟ್ಟ ಸೀರೆ ಮೈಗೆ ಭಾರವಾಯಿತು. ನಾಚಿಕೆ, ಸಿಟ್ಟು, ದುಃಖ... ಯಾವುದು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ನೇರವಾಗಿ ಪ್ರಭುರಾಜ ಸರ್ ಮುಂದೆ ಹೋಗಿ ನಿಂತಳು.

"ಆ ಸರ್ ನಮ್ಮ ಸಾಲಿಗಿ ಬ್ಯಾಡ್ರಿ."

"ಯಾಕ್ರಿ ಟೀಚರ್? ಏನಾತು?"

"ಹುಡುಗ್ಯಾರ ಮುಂದ ಹ್ಯಾಂಗ ಇರಬೇಕು ಗೊತ್ತಿಲ್ಲ ಅವ್ರಿಗೆ."

ಅಂದ ಕ್ಷಣವೇ ಆ ಮಾತಿನ ತೂಕ ಅವಳಿಗೆ ಗೊತ್ತಾಯಿತು. ಒಬ್ಬ ಮಾಸ್ತರನ ಬಗ್ಗೆ, ಅದೂ ಮೈದಾನದಲ್ಲಿ ಹುಡುಗಿಯರಿಗೆ ಕಲಿಸುವವನ ಬಗ್ಗೆ, ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ವಾಪಸು ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಪ್ರಭುರಾಜ ಸರ್ ಏನು, ಎತ್ತ ಎಂದು ಬಿಡಿಸಿ ಕೇಳಲೂ ಇಲ್ಲ. ಮೇಲಿನ ಕಚೇರಿಗೆ ಹಚ್ಚಲು ಕೈ ಆಗಲೇ ಫೋನಿನ ಮೇಲಿತ್ತು.

ಸಂಜೆ ಬಸ್ಸಿನಲ್ಲಿ ಅನಿಲ ಇರಲಿಲ್ಲ. ಮರುದಿನವೂ ಇರಲಿಲ್ಲ. ಪೋತ್ನಾಳದ ತನ್ನ ಶಾಲೆಗೆ ಮರಳಿದ ಎಂದು ತಿಳಿಯಿತು. ಸ್ಟಾಫ್ ರೂಮಿನಲ್ಲಿ ಏನೇನೋ ಗುಸುಗುಸು. ಆಟದ ಅವಧಿ ಗಣಿತಕ್ಕೆ ಹೋಯಿತು.

"ಏನ್ ನೋಡಿದಿ ನೀ, ಖರೇ ಹೇಳು," ರಜಿಯಾ ಒತ್ತಾಯ ಮಾಡಿದಳು.

"ಬಿಡವ್ವಾ ರಜಿಯಾ. ನನಗ ಯಾರ ಮಾತೂ ಬ್ಯಾಡ."

ಮತ್ತೆ ಅದೇ ಬಸ್ಸು, ಅದೇ ಕಿಟಕಿ. ಸರಳು ತಲೆಗೆ ಬಡಿಯುತ್ತಿತ್ತು. ಎಲ್ಲಿಗೆ ಹೋಗುತ್ತಿದ್ದೇನೆ, ಯಾಕೆ ಹೋಗುತ್ತಿದ್ದೇನೆ ಎನಿಸುತ್ತಿತ್ತು ಅವಳಿಗೆ. ಬದನೆ ಬಣ್ಣದ ಸೀರೆ ಟ್ರಂಕಿನ ತಳಕ್ಕೆ ಹೋಯಿತು. ಬಸ್ಸಮ್ಮ ಏನೂ ಕೇಳಲಿಲ್ಲ, ಆದರೆ ಮಗಳ ತಟ್ಟೆಯಲ್ಲಿ ಉಳಿಯುವ ಅನ್ನ ನೋಡುತ್ತಿದ್ದಳು.

*

ಆಗಸ್ಟಿನಲ್ಲಿ ಒಂದು ದಿನ ಪ್ರಭುರಾಜ ಸರ್ ದೇವದುರ್ಗಕ್ಕೆ ಮೀಟಿಂಗಿಗೆ ಹೋದರು. ಏಳನೇ ತರಗತಿಯ ಮಕ್ಕಳು ವಿಶಾಖಾಳನ್ನು ಮುತ್ತಿಕೊಂಡರು.

"ಟೀಚರ್, ಇವತ್ತರೆ ಬಿಡ್ರಿ ಆಡಾಕ!"

ಬೇಡ ಎನ್ನಲು ಶಕ್ತಿ ಬೇಕಲ್ಲ... ಅದೂ ಇರಲಿಲ್ಲ. ಅನಿಲ ಬಿಟ್ಟುಹೋಗಿದ್ದ ಚೆಂಡುಗಳ ಚೀಲ ಹಿಡಿದು ಅವರ ಹಿಂದೆ ಮೈದಾನಕ್ಕೆ ಹೋದಳು.

ಹುಡುಗಿಯರು ಯಾರೂ ಹೇಳದೆಯೇ ತಮ್ಮ ವೇಲ್‌ಗಳನ್ನು ಎದೆಯ ಮೇಲೆ ಅಡ್ಡ ಹಾಯಿಸಿ ಸೊಂಟದಲ್ಲಿ ಗಂಟು ಹಾಕಿಕೊಂಡರು. ಎರಡು ಕೈಯೂ ಖಾಲಿ. ಒಬ್ಬಳು ಎಡಗೈ ಮುಂದೆ ಚಾಚಿ, ಮೈ ತಿರುಗಿಸಿ, ಬೀಸಿ ಎಸೆದಳು. ಚೆಂಡು ಧ್ವಜದ ಕಂಬ ದಾಟಿ ಹೋಯಿತು! ಇನ್ನೊಬ್ಬಳದು ಕಾಂಪೌಂಡಿಗೇ ಬಡಿಯಿತು!

ವಿಶಾಖಾ ಬೆರಗಾಗಿ ನೋಡಿದಳು. ಅವಳಿಗೆ ಗೊತ್ತಿದ್ದಂತೆ ಈ ಹುಡುಗಿಯರು ಚೆಂಡು ಎಸೆಯುವವರಲ್ಲ, ಗಂಡುಹುಡುಗರು ಎಸೆದ ಚೆಂಡನ್ನು ಹೆಕ್ಕಿ ಕೊಡುವವರು.

"ಇದನ್ನ ಯಾರು ಕಲಿಸಿದ್ರವ್ವಾ ನಿಮಗ?"

"ಅನಿಲ್ ಸರ್ ರೀ ಟೀಚರ್!" ಸುನಂದಾ ಎಂಬ ಹುಡುಗಿ ಮುಂದೆ ಬಂದಳು. "ಸರ್ ದಿನಾ ಒಂದು ತಪ್ಪು ಮಾಡಿ ತೋರಸ್ತಿದ್ರು. ನಾವು ಹುಡುಕಬೇಕು. ಒಂದಿನ ಕುಂಟೂದು ತಪ್ಪು ಮಾಡಿ ಧಪ್ ಅಂತ ಬಿದ್ರು ನೋಡ್ರಿ! ಮತ್ತ ಒಂದಿನ ನಮ್ಮ ವೇಲ್ ಹಾಕ್ಕೊಂಡು ಒಗದ್ರು. ಚೆಂಡು ಮುಂದಽ ಹೋಗಲಿಲ್ಲ. ಹುಡುಗುರೆಲ್ಲಾ ಸರ್ ಕಾಲು ತಪ್ಪು, ಕಾಲು ತಪ್ಪು ಅಂದ್ರು. ನಾ ಹೇಳಿದೆ, ಇಲ್ರಿ ಸರ್, ನಿಮ್ಮ ಎಡಗೈ ಕಟ್ಟಿ ಹಾಕಿದಂಗ ಅದ ಅಂತ!"

"ಆಮ್ಯಾಲೆ?"

"ಆಮ್ಯಾಲೆ ಸರ್ ಅಂದ್ರು, ಹಂಗಾದ್ರ ನಿಮ್ಮ ಕೈ ಎಲ್ಲದ ನೋಡ್ಕೋರಿ ಅಂತ. ನೋಡ್ಕೊಂಡ್ರ ಎಲ್ಲಾರ ಕೈನೂ ವೇಲ್ ಮ್ಯಾಲಽ ಇತ್ರಿ ಟೀಚರ್!"

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ವಿಶಾಖಾಳಿಗೆ ನಗು ಬರಲಿಲ್ಲ. ಕೇಳಿದಳು, "ಕೈ ಬಿಡ್ರಿ ಅಂತ ಬಾಯಿಲೆ ಹೇಳಬಹುದಿತ್ತಲ್ಲ ಅವ್ರು?"

"ನಾವೂ ಕೇಳಿದ್ವಿ ರೀ. ಒಬ್ರು ಟೀಚರ್ ನನಗ ಬೈದು ಬುದ್ಧಿ ಕಲಿಸ್ಯಾರ, ಅದು ಗಂಡಸ್ರು ಬಾಯಿಲೆ ಹೇಳೂ ಮಾತಲ್ಲ, ನೀವಽ ಕಂಡು ಹಿಡೀಬೇಕು ಅಂದ್ರು. ಆ ಟೀಚರ್ ಭಾಳ ಶ್ಯಾಣ್ಯಾರಂತ್ರಿ!"

ವಿಶಾಖಾ ಅಲ್ಲೇ ಕಟ್ಟೆಯ ಮೇಲೆ ಕುಳಿತಳು.

ಅವನು ಅವಳನ್ನು ಆಡಿಕೊಂಡಿರಲಿಲ್ಲ. ಅವಳ ಬೈಗುಳವನ್ನು ಪಾಠ ಮಾಡಿಕೊಂಡಿದ್ದ. ಒಂದು ಮಾತೂ ಆಡದೆ, ಯಾವ ಹುಡುಗಿಗೂ ನಾಚಿಕೆಯಾಗದಂತೆ, ತಾನೇ ನಗೆಪಾಟಲಾಗಿ ಕಲಿಸಿದ್ದ. ಅವಳೇನು ಮಾಡಿದಳು? ಪೂರ್ತಿ ನೋಡಲಿಲ್ಲ, ಕೇಳಲಿಲ್ಲ. ಅವನ ಹೆಸರಿಗೇ ಮಸಿ ಬಳಿದಳು.

'ಅಯ್ಯೋ... ನಾನೆಂಥ ಕೆಲಸ ಮಾಡಿದೆ!'

ಮರುದಿನ ಶುಕ್ರವಾರ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗಲೇ ಅವಳು ಎದ್ದು ನಿಂತಳು.

"ಪ್ರಭುರಾಜ ಸರ್, ಅನಿಲಕುಮಾರ ಸರ್ ಬಗ್ಗಿ ನಾ ಹೇಳಿದ್ದು ತಪ್ಪು. ಅವ್ರು ಪಾಠ ಮಾಡಾಕತ್ತಿದ್ರು. ನಾ ಪೂರಾ ನೋಡದಽ ಹೇಳಿದೆ. ಅವರಷ್ಟು ಮರ್ಯಾದಿಲೆ ಹುಡುಗ್ಯಾರಿಗೆ ಕಲಸೋವ್ರನ್ನ ನಾ ನೋಡಿಲ್ಲ."

"ಆತು ಬಿಡ್ರಿ ಟೀಚರ್... ಈಗ್ಯಾಕ ಅದೆಲ್ಲಾ?"

"ಬಿಡಂಗಿಲ್ರಿ. ಆವತ್ತು ಫೋನ್ ಹಚ್ಚಿದ್ರಲ್ಲ, ಈಗೂ ಹಚ್ರಿ. ಎಲ್ಲಾರ ಮುಂದಽ ಹೇಳ್ರಿ, ದೂರು ಸುಳ್ಳು, ಹೇಳಿದಾಕಿ ವಿಶಾಖಾ ಅಂತ."

ಪ್ರಭುರಾಜ ಸರ್ ಅತ್ತಿತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಫೋನ್ ಹಚ್ಚಿದರು.

ಹೊರಗೆ ಬಂದಾಗ ರಜಿಯಾ ಅವಳ ಕೈ ಹಿಡಿದಳು. "ಭಾಳ ಛಲೋ ಮಾಡಿದಿ. ಆದ್ರ ಒಂದು ಮಾತದ ವಿಶಾಖಾ. ಪೋತ್ನಾಳದಾಗ ನಮ್ಮ ಮೈದುನನ ಅಂಗಡಿ ಅದ. ಅವ ಹೇಳಿದ... ಅನಿಲ್ ಸರ್ ಈ ಆದಿತ್ಯವಾರ ಸಿಂಧನೂರಿಗಿ ಹೆಣ್ಣು ನೋಡಾಕ ಹೊಂಟಾರಂತ."

ವಿಶಾಖಾ ಮೊಬೈಲು ತೆಗೆದಳು, ಮತ್ತೆ ಬ್ಯಾಗಿಗೆ ಹಾಕಿದಳು.

"ಫೋನ್ ಮಾಡು," ಅಂದಳು ರಜಿಯಾ.

"ಫೋನಿನ್ಯಾಗ ಹೇಳೂ ಮಾತಲ್ಲ ಇದು."

*

ಶನಿವಾರ ಶಾಲೆ ಬಿಡುವುದು ಬೇಗ. ವಿಶಾಖಾ ಗಬ್ಬೂರಿನಿಂದ ರಾಯಚೂರಿಗೆ ಬಂದು ಸಿಂಧನೂರಿನ ಬಸ್ಸು ಹತ್ತಿದಳು. ಉಸಿರಾಡಲೂ ಜಾಗವಿರಲಿಲ್ಲ. ಮಾನ್ವಿಯ ತನಕ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗು. ಮಾನ್ವಿಯಲ್ಲಿ ಅರ್ಧ ಬಸ್ಸು ಇಳಿದು ಸೀಟು ಸಿಕ್ಕಿತು. ಕಾಲುವೆಗೆ ನೀರು ಬಿಟ್ಟಿದ್ದರು, ಎರಡೂ ಕಡೆ ಭತ್ತದ ನಾಟಿ ನಡೆದಿತ್ತು. ಬಗ್ಗಿ ನಾಟಿ ಮಾಡುವ ಹೆಂಗಸರನ್ನು ನೋಡುತ್ತ ಅವಳಿಗೆ ತನ್ನ ಅವ್ವನ ಬೆನ್ನು ನೆನಪಾಯಿತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಜೋಡಿಸಿದರೂ ಅದು ಚೆದುರುತ್ತಿತ್ತು.

'ಮುಖ ನೋಡದೆ ಒಳಗೆ ಹೋಗಿಬಿಟ್ಟರೆ? ಹೋಗಲಿ... ತಪ್ಪಾಯಿತು ಎಂದು ಅವನ ಬೆನ್ನಿಗಾದರೂ ಹೇಳಿ ಬರುತ್ತೇನೆ.'

ಪೋತ್ನಾಳದ ಶಾಲೆಯ ಮಕ್ಕಳು ಆಗಲೇ ಮನೆಗೆ ಹೋಗಿದ್ದರು. ಮುಂದಿನ ವಾರದ ಕ್ರೀಡಾಕೂಟಕ್ಕಾಗಿ ಅನಿಲಕುಮಾರ ಒಬ್ಬನೇ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಿದ್ದ. ಗೇಟಿನ ಸದ್ದಿಗೆ ತಲೆ ಎತ್ತಿದ. ಕೈಯಲ್ಲಿದ್ದ ಸುಣ್ಣ ಕಾಲ ಮೇಲೆ ಸುರಿಯಿತು.

"ನೀವಾ...!"

"ಹೂಂ ರೀ. ನಾನಽ."

"ಕುಂದ್ರಿ ಮೊದಲು. ಮುಖ ಎಷ್ಟು ಬಾಡ್ಯಾದ... ನೀರು ತರ್ತೀನಿ."

"ನೀರು ಬ್ಯಾಡ್ರಿ. ಕೇಳ್ರಿ." ಅವಳು ನಿಂತೇ ಹೇಳಿದಳು. "ಆ ದೂರು ನಾನಽ ಕೊಟ್ಟಿದ್ದು. ನೀವು ವೇಲ್ ಹಾಕ್ಕೊಂಡು ಒಗಿಯೂದು ನೋಡಿ, ನನ್ನ ಆಡ್ಕೊಳ್ಳಾಕತ್ತೀರಿ ಅಂತ ತಿಳಿದೆ. ನಿನ್ನೆ ಎಲ್ಲಾರ ಮುಂದ ನಿಂತು ಸುಳ್ಳು ಅಂತ ಹೇಳೀನಿ. ಆದ್ರ ನಿಮಗ ಹೇಳಬೇಕಲ್ರಿ... ತಪ್ಪಾತು. ಭಾಳ ದೊಡ್ಡ ತಪ್ಪಾತು."

ಅನಿಲ ಕಾಲ ಮೇಲಿನ ಸುಣ್ಣ ಕೊಡವಿದ. ಆಮೇಲೆ ಶಾಲೆಯ ಮೆಟ್ಟಿಲ ಮೇಲೆ ಕುಳಿತ. ಅವಳೂ ಕುಳಿತಳು, ನಡುವೆ ಒಂದಿಷ್ಟು ಜಾಗ ಬಿಟ್ಟು.

"ದೂರು ನಿಮ್ಮದು ಅಂತ ಆವತ್ತಽ ಗೊತ್ತಾಗಿತ್ರಿ. ಬ್ಯಾರೆ ಯಾರರೆ ಅಂದಿದ್ರ ಜಗಳಾ ಮಾಡ್ತಿದ್ದೆ. ನೀವು ಅಂದ್ರಿ ಅಂತ ಸುಮ್ಮಾದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾಯಿತು. "ಇಲ್ಲಿಗಿ ಬಂದ ಮ್ಯಾಲೆ ಹುಡುಗ್ಯಾರ ಕ್ಲಾಸ್ ತಗೊಳ್ಳಾಕಽ ಹೆದರಿಕಿ ಹತ್ಯಾದ. ಅವ್ರನ್ನ ಗಿಡದ ಬುಡಕ ಕುಂದ್ರಸಿ ಗಂಡುಹುಡುಗರನ್ನ ಅಷ್ಟಽ ಆಡಸಾಕತ್ತೀನಿ. ಸುಮ್ಮ ಕುಂತು ನನ್ನ ಮಾರಿ ನೋಡ್ತಾವ ಮೇಡಂ, ಆ ಕೂಸುಗಳು."

ವಿಶಾಖಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಎಷ್ಟೋ ವರ್ಷಗಳ ಅಳು ಅದು, ಒಂದೇ ಸಲಕ್ಕೆ ಬಂತು. ಅನಿಲ ಬೇಡ ಎನ್ನಲಿಲ್ಲ. ಒಳಗೆ ಹೋಗಿ ನೀರು ತಂದು ಪಕ್ಕದಲ್ಲಿಟ್ಟ.

ಅಳು ನಿಂತ ಮೇಲೆ ಅವಳು ಕೇಳಿದಳು, "ಒಂದು ಖರೇ ಹೇಳ್ರಿ. ಆವತ್ತು ನೀವು ತೋರಿಸಿದ್ದು ನನ್ನನ್ನಽ ಅಲ್ಲೇನು?"

ಅನಿಲ ತಲೆ ತಗ್ಗಿಸಿದ. "ಹೂಂ ರೀ. ನಿಮ್ಮನ್ನಽ. ಸುಳ್ಳು ಹೇಳಂಗಿಲ್ಲ. ಇಷ್ಟು ವರ್ಷ ಹೆಣ್ಮಕ್ಕಳ ಕೈಯಾಗ ಬಲ ಇಲ್ಲ ಅಂತ ತಿಳ್ಕೊಂಡಿದ್ದೆ. ನೀವು ಒಗಿಯೂದು ನೋಡಿದ ದಿನ ತಿಳೀತು, ಬಲ ಅದ, ಕೈಗಿ ಬಿಡುವು ಇಲ್ಲ ಅಂತ. ನಿಮಗ ಒಂದು ಮಾತು ಕೇಳಿ ತೋರಿಸಬೇಕಿತ್ತು. ಅದು ನನ್ನ ತಪ್ಪು."

"ಕೇಳಿದ್ರ ನಾ ಮತ್ತ ಬೈತಿದ್ದೆ."

"ಬೈಸ್ಕೋತಿದ್ದೆ ಬಿಡ್ರಿ. ರೂಢಿ ಆಗಿತ್ತಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಕೇಳಲೋ ಬೇಡವೋ... ಕೇಳಿಯೇ ಬಿಟ್ಟಳು.

"ನಾಳಿ ಸಿಂಧನೂರಿಗಿ ಹೊಂಟೀರಂತ?"

"ನಮ್ಮ ಅಣ್ಣ ಮಾತು ಕೊಟ್ಟಾನ್ರಿ."

"ನೀವು?"

"ನಾ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಸಾಕಾಗಿತ್ರಿ. ಏನರೆ ಆಗಲಿ ಅಂತ ಬಿಟ್ಟಿದ್ದೆ."

ವಿಶಾಖಾ ಅವನ ಕಡೆ ತಿರುಗಿದಳು.

"ಹಂಗ ಬಿಡಬ್ಯಾಡ್ರಿ. ಆವತ್ತು ಸಂಜಿಕ ಏನೋ ಕೇಳೂದದ ಅಂದಿದ್ರಿ. ನೀವು ಕೇಳಲಿಲ್ಲ, ನಾ ಕೇಳಾಕ ಬಿಡಲಿಲ್ಲ. ಈಗ ನಾನಽ ಹೇಳ್ತೀನಿ. ನನಗ ನೀವು ಬೇಕ್ರಿ. ಇಷ್ಟು ಹೇಳಾಕ ಮಾನ್ವಿ ತನಕ ನಿಂತ್ಕೊಂಡು ಬಂದೀನಿ!"

ಅನಿಲನ ಕಣ್ಣು ತುಂಬಿತು. ಸುಣ್ಣದ ಕೈಯಿಂದಲೇ ಜೇಬಿನ ಫೋನ್ ತೆಗೆದು ಹಚ್ಚಿದ.

"ಅಣ್ಣಾ... ನಾಳಿ ಸಿಂಧನೂರಿಗಿ ಬ್ಯಾಡ. ಅವ್ರಿಗಿ ಈಗಽ ಹೇಳಿಬಿಡು, ತಪ್ಪು ನಂದು ಅಂತ ಹೇಳು... ಇಲ್ಲಣ್ಣಾ, ಎಲ್ಲಾ ಆರಾಮದ... ರಾಯಚೂರಿಗಿ ಹ್ವಾಗಮು. ಬಸ್ಸಮ್ಮ ಅಂತ, ಅವ್ರ ಮನಿಗಿ."

ಫೋನ್ ಕೆಳಗಿಟ್ಟು ಅವಳನ್ನು ನೋಡಿದ. "ನಿಮ್ಮ ಅವ್ವನ್ನ ಕೇಳಾಕ ಬರ್ತೀನ್ರಿ ನಾಳಿ."

"ಸೋಮವಾರ ಆ ಹುಡುಗ್ಯಾರನ್ನ ಗಿಡದ ಬುಡದಿಂದ ಎಬ್ಬಸ್ತೀನಿ ಅಂದ್ರ ಬರ್ರಿ. ಇಲ್ಲಂದ್ರ ಬ್ಯಾಡ."

"ಎಬ್ಬಸ್ತೀನ್ರಿ. ನಿಮ್ಮ ಆಣಿ."

ಬಿಸಿಲು ಇಳಿಯುತ್ತಿತ್ತು. ಇಬ್ಬರಿಗೂ ಏಳುವ ಮನಸ್ಸಿರಲಿಲ್ಲ. ನಡುವೆ ಬಿಟ್ಟಿದ್ದ ಜಾಗ ಯಾವಾಗ ಇಲ್ಲವಾಯಿತೋ, ಇಬ್ಬರೂ ಗಮನಿಸಲಿಲ್ಲ.

"ಒಂದು ಮಾತು ಮೊದಲಽ ಹೇಳಿಬಿಡ್ತೀನ್ರಿ," ವಿಶಾಖಾ ಮೆಲ್ಲಗೆ ಅಂದಳು. "ನಾ ದಿನಾ ಭಾಳ ದಣಿದು ಬರ್ತೀನಿ ಮನಿಗಿ. ನಗಮುಖ ಇರಂಗಿಲ್ಲ. ಮಾತೂ ಬರಂಗಿಲ್ಲ ಒಮ್ಮೊಮ್ಮೆ."

"ನಾನೂ ದಣಿದಽ ಬರ್ತೀನಿ. ಇಬ್ರೂ ಕೂಡಿ ಸುಮ್ಮ ಕುಂದ್ರಮು."

"ಚಾ ಯಾರು ಮಾಡಾವ್ರು?"

"ಮೊದಲು ಬಂದವ್ರು."

"ಹಂಗಾದ್ರ ದಿನಾ ನೀವಽ. ಗಬ್ಬೂರು ಬಸ್ಸು ಒಂದಿನಾನೂ ಹೊತ್ತಿಗಿ ಬರಂಗಿಲ್ಲ."

"ಬರಲಿ ಬಿಡ್ರಿ ತಡಾಗಿ," ಅನಿಲ ನಕ್ಕ. "ಮನ್ಯಾಗ ಲೈಟ್ ಹಚ್ಚಿರ್ತೀನಿ."